ಸಿಡಿಆರ್: ಯಾವ ದಾರಿ, ಯಾವ ಪ್ರಾಜೆಕ್ಟು, ಯಾರ ಬರಹ?

ಆಸ್ಟ್ರೇಲಿಯಾಕ್ಕೆ ಹೋಗಬೇಕೆಂದು ಕೂತಿರುವ ಎಂಜಿನಿಯರುಗಳಿಗೆ ವೀಸಾ ಅಂಕಗಳ ಲೆಕ್ಕ ಬಾಯಿಪಾಠ. ವಯಸ್ಸಿಗೆ ಇಷ್ಟು, ಇಂಗ್ಲಿಷಿಗೆ ಇಷ್ಟು, ಅನುಭವಕ್ಕೆ ಇಷ್ಟು, ಒಟ್ಟು 65 ಮುಟ್ಟಿದರೆ ಸಾಲಿನಲ್ಲಿ ನಿಲ್ಲಬಹುದು. ಆದರೆ 189, 190, 491 ಈ ಮೂರರಲ್ಲಿ ಯಾವ ವೀಸಾಕ್ಕೆ ಅರ್ಜಿ ಹಾಕಬೇಕಾದರೂ ಮೊದಲು ಕೈಯಲ್ಲಿರಬೇಕಾದದ್ದು ಕೌಶಲ ಮೌಲ್ಯಮಾಪನದ ಪತ್ರ. ಬಹುತೇಕ ಎಂಜಿನಿಯರಿಂಗ್ ಹುದ್ದೆಗಳಿಗೆ ಅದನ್ನು ಕೊಡುವುದು ಎಂಜಿನಿಯರ್ಸ್ ಆಸ್ಟ್ರೇಲಿಯಾ ಸಂಸ್ಥೆ. ಅದಕ್ಕಾಗಿ ಬರೆಯಬೇಕಾದ ವರದಿಯ ಹೆಸರು ಕಾಂಪಿಟೆನ್ಸಿ ಡೆಮಾನ್‌ಸ್ಟ್ರೇಷನ್ ರಿಪೋರ್ಟ್. ಎಲ್ಲರ ಬಾಯಲ್ಲೂ ಅದು ಸಿಡಿಆರ್.

ಅದರಲ್ಲಿರುವುದು ಮೂರು ಭಾಗ. ತಲಾ 1000ದಿಂದ 2500 ಪದಗಳ ಮೂರು ಕೆರಿಯರ್ ಎಪಿಸೋಡ್ (ನೀವೇ ಮಾಡಿದ ಒಂದೊಂದು ಎಂಜಿನಿಯರಿಂಗ್ ಕೆಲಸದ ಕಥೆ), ಒಂದು ಪುಟದ ಸಿಪಿಡಿ ಪಟ್ಟಿ (ಪದವಿಯ ನಂತರವೂ ವೃತ್ತಿಗಾಗಿ ಕಲಿತದ್ದರ ಪಟ್ಟಿ), ಕೊನೆಗೆ ಎಲ್ಲವನ್ನೂ ಒಂದಕ್ಕೊಂದು ಜೋಡಿಸುವ ಸಮ್ಮರಿ ಸ್ಟೇಟ್‌ಮೆಂಟ್. ಎಲ್ಲವೂ ಇಂಗ್ಲಿಷಿನಲ್ಲೇ ಇರಬೇಕು. ಸ್ನೇಹಿತರು, ಸ್ನೇಹಿತರ ಸ್ನೇಹಿತರು "ಸ್ವಲ್ಪ ನೋಡಿಕೊಡಿ" ಎಂದು ಕಳಿಸಿದ ಕರಡುಗಳನ್ನು ಓದುತ್ತಾ ಬಂದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಸೋಲುವ ವರದಿಗಳಲ್ಲಿ ಇಂಗ್ಲಿಷಿನ ತಪ್ಪು ಕಡಿಮೆ, ಆಯ್ಕೆಯ ತಪ್ಪು ಹೆಚ್ಚು. ಬರೆಯಲು ಕೂರುವ ಮೊದಲೇ ಯಾವ ದಾರಿ, ಯಾವ ಹುದ್ದೆ, ಯಾವ ಪ್ರಾಜೆಕ್ಟು ಎಂಬಲ್ಲಿ ಎಡವಿರುತ್ತಾರೆ. ಆಮೇಲೆ ಎಷ್ಟು ಚೆಂದ ಬರೆದರೂ ಅಷ್ಟೇ.

ಸಿಡಿಆರ್ ಬರೆಯಲೇಬೇಕೆ?

ಎಲ್ಲರೂ ಬರೆಯಬೇಕಿಲ್ಲ. ಎಂಜಿನಿಯರಿಂಗ್ ಪದವಿಗಳನ್ನು ದೇಶದೇಶಗಳ ನಡುವೆ ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದ 1989ರದು. ಭಾರತದ ಪರವಾಗಿ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, ಇದರ ಪೂರ್ಣ ಸದಸ್ಯನಾದದ್ದು 2014ರ ಜೂನ್‌ನಲ್ಲಿ. ನಿಮ್ಮ ಕಾಲೇಜಿನ ನಿಮ್ಮ ವಿಭಾಗಕ್ಕೆ ಎನ್‌ಬಿಎ ಟಿಯರ್ 1 ಮಾನ್ಯತೆ ಇದ್ದು, ನೀವು ಪದವಿ ಮುಗಿಸಿದ ವರ್ಷ ಆ ಮಾನ್ಯತೆಯ ಅವಧಿಯೊಳಗೆ ಬಂದರೆ ಮೂರು ಎಪಿಸೋಡುಗಳ ಗೋಜಿಲ್ಲದೆ ಒಪ್ಪಂದದ ದಾರಿಯಲ್ಲೇ ಹೋಗಬಹುದು.

ಇಲ್ಲಿ ಎರಡು ಕಡೆ ಜನ ಮೋಸ ಹೋಗುತ್ತಾರೆ. ಒಂದು, "ನಮ್ಮ ಕಾಲೇಜಿಗೆ ಎನ್‌ಬಿಎ ಇದೆ" ಎಂಬ ಮಾತು. ಮಾನ್ಯತೆ ಕಾಲೇಜಿಗಲ್ಲ, ಕೋರ್ಸಿಗೆ. ಸಿವಿಲ್‌ಗೆ ಇದ್ದು ಮೆಕ್ಯಾನಿಕಲ್‌ಗೆ ಇಲ್ಲದಿರಬಹುದು. ಎರಡು, ಟಿಯರ್ ವ್ಯತ್ಯಾಸ. ಸ್ವಾಯತ್ತ ಕಾಲೇಜುಗಳು, ವಿಶ್ವವಿದ್ಯಾಲಯಗಳು ಟಿಯರ್ 1ಕ್ಕೆ ಅರ್ಜಿ ಹಾಕುತ್ತವೆ. ಸ್ವಾಯತ್ತತೆ ಇಲ್ಲದ ಸಂಯೋಜಿತ ಕಾಲೇಜುಗಳಿಗೆ ಸಿಗುವುದು ಟಿಯರ್ 2. ಅದು ಎನ್‌ಬಿಎ ಮಾನ್ಯತೆಯೇ ಆದರೂ ವಾಷಿಂಗ್ಟನ್ ಒಪ್ಪಂದದೊಳಗೆ ಬರುವುದಿಲ್ಲ. 2014ಕ್ಕೆ ಮೊದಲೇ ಪದವಿ ಮುಗಿಸಿದವರಿಗಂತೂ, ಅದು ಐಐಟಿಯೇ ಆಗಿರಲಿ, ಈ ಬಾಗಿಲು ತೆರೆಯುವುದಿಲ್ಲ.

ಹಾಗಾಗಿ ಮೊದಲ ದಿನ ಮಾಡಬೇಕಾದ ಕೆಲಸ ಎನ್‌ಬಿಎ ಪಟ್ಟಿ ತೆರೆದು ಕೋರ್ಸು, ಟಿಯರ್, ವರ್ಷ ಮೂರನ್ನೂ ಹೊಂದಿಸಿ ನೋಡುವುದು. ಮೂರೂ ಹೊಂದಿದರೆ ಈ ಬರಹದ ಮುಕ್ಕಾಲು ಪಾಲು ನಿಮಗೆ ಬೇಡ. ಒಂದು ತಪ್ಪಿದರೂ ಸಿಡಿಆರ್.

ಯಾವ ಹುದ್ದೆಯ ಹೆಸರಿನಲ್ಲಿ?

ಎಂಜಿನಿಯರ್ಸ್ ಆಸ್ಟ್ರೇಲಿಯಾ ಮುಖ್ಯವಾಗಿ ನಾಲ್ಕು ವರ್ಗ ಇಟ್ಟುಕೊಂಡಿದೆ: ಪ್ರೊಫೆಷನಲ್ ಎಂಜಿನಿಯರ್, ಎಂಜಿನಿಯರಿಂಗ್ ಟೆಕ್ನಾಲಜಿಸ್ಟ್, ಎಂಜಿನಿಯರಿಂಗ್ ಅಸೋಸಿಯೇಟ್, ಎಂಜಿನಿಯರಿಂಗ್ ಮ್ಯಾನೇಜರ್. ಮ್ಯಾನೇಜರ್ ವರ್ಗದ ಕಥೆಯೇ ಬೇರೆ, ಅದನ್ನು ಇಲ್ಲಿ ಬಿಡುತ್ತೇನೆ. ಉಳಿದ ಮೂರರ ವ್ಯತ್ಯಾಸ ಓದಿನ ವರ್ಷಗಳಲ್ಲಿ ಮಾತ್ರ ಇದೆ ಎಂದುಕೊಂಡವರೇ ಹೆಚ್ಚು: ನಾಲ್ಕು ವರ್ಷದ ಪದವಿಗೆ ಮೊದಲನೆಯದು, ಮೂರು ವರ್ಷದ್ದಕ್ಕೆ ಎರಡನೆಯದು, ಡಿಪ್ಲೊಮಾಗೆ ಮೂರನೆಯದು ಎಂದು. ಓದು ಅರ್ಧ ಮಾತ್ರ. ಉಳಿದರ್ಧ ನೀವು ಎದುರಿಸಿದ ಸಮಸ್ಯೆಯ ಜಾತಿ.

ಪ್ರೊಫೆಷನಲ್ ಎಂಜಿನಿಯರ್ ಎನ್ನುವವರು ಜಟಿಲ ಸಮಸ್ಯೆಯನ್ನು ಬಿಡಿಸಿರಬೇಕು. ಅಂದರೆ ಕೈಪಿಡಿಯಲ್ಲಿ ನೇರ ಉತ್ತರ ಸಿಗದ, ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಕೆಡುವಂಥ, ಮೂಲ ಸಿದ್ಧಾಂತಕ್ಕೆ ಮರಳಿ ಹೋಗಿ ತೀರ್ಮಾನಿಸಬೇಕಾದಂಥ ಸಮಸ್ಯೆ. ಟೆಕ್ನಾಲಜಿಸ್ಟ್ ಎನ್ನುವವರು ಇರುವ ತಂತ್ರಜ್ಞಾನವನ್ನು ಹೊಸ ಸಂದರ್ಭಕ್ಕೆ ಸರಿಯಾಗಿ ಹೊಂದಿಸಿದವರು. ಅಸೋಸಿಯೇಟ್ ಎನ್ನುವವರು ಸ್ಪಷ್ಟವಾಗಿ ಗೊತ್ತಿರುವ ಕೆಲಸವನ್ನು ಸಂಹಿತೆಗಳ ಪ್ರಕಾರ ತಪ್ಪಿಲ್ಲದೆ ಮಾಡಿದವರು. ನಾಲ್ಕು ವರ್ಷ ಓದಿ, ಮೂರು ಎಪಿಸೋಡಿನಲ್ಲೂ ಮಾರಾಟಗಾರರು ಕೊಟ್ಟ ಉಪಕರಣವನ್ನು ಅವರ ಕೈಪಿಡಿಯಂತೆ ಜೋಡಿಸಿದ ಕಥೆ ಬರೆದರೆ ಮೌಲ್ಯಮಾಪಕರು ಪ್ರೊಫೆಷನಲ್ ಎಂಜಿನಿಯರ್ ಎಂದು ಒಪ್ಪಬೇಕಿಲ್ಲ. ನೀವು ಕೇಳಿದ್ದಕ್ಕಿಂತ ಬೇರೆ ವರ್ಗದಲ್ಲಿ, ಬೇರೆ ಹುದ್ದೆಯ ಹೆಸರಿನಲ್ಲಿ ಪತ್ರ ಕೊಡುವ ಅಧಿಕಾರ ಅವರಿಗಿದೆ. ಹಾಗೆ ಬಂದ ಪತ್ರ ನಿಮ್ಮ ವೀಸಾ ಯೋಜನೆಯನ್ನೇ ಬುಡಮೇಲು ಮಾಡಬಹುದು.

ಆಸ್ಟ್ರೇಲಿಯಾ ಪ್ರತಿ ಹುದ್ದೆಗೂ ಕೊಟ್ಟಿರುವ ಸಂಖ್ಯೆಯ ಆಯ್ಕೆಯೂ ಇಷ್ಟೇ ಸೂಕ್ಷ್ಮ. ಮೆಕ್ಯಾನಿಕಲ್ ಓದಿ ಕಾರ್ಖಾನೆಯ ಉತ್ಪಾದನಾ ವಿಭಾಗದಲ್ಲಿ ಇರುವವರ ಮುಂದೆ ಎರಡು ಹೆಸರಿವೆ: ಮೆಕ್ಯಾನಿಕಲ್ ಎಂಜಿನಿಯರ್, 233512, ಮತ್ತು ಪ್ರೊಡಕ್ಷನ್ ಆರ್ ಪ್ಲಾಂಟ್ ಎಂಜಿನಿಯರ್, 233513. ವಿನ್ಯಾಸ, ಉಷ್ಣ, ದ್ರವದ ಲೆಕ್ಕಗಳು ನಿಮ್ಮ ದಿನಚರಿಯಲ್ಲಿದ್ದರೆ ಮೊದಲನೆಯದು. ಯಂತ್ರಗಳ ಸಾಮರ್ಥ್ಯ, ನಿರ್ವಹಣೆಯ ಯೋಜನೆ, ಉತ್ಪಾದನಾ ಸಾಲಿನ ಜೋಡಣೆ ನಿಮ್ಮ ಕೆಲಸವಾದರೆ ಎರಡನೆಯದು. ಯಾವ ಹುದ್ದೆಗೆ ವೀಸಾ ಅರ್ಜಿಯ ಆಹ್ವಾನ ಹೆಚ್ಚು ಬರುತ್ತಿದೆ ಎಂಬ ಗಾಳಿಮಾತು ನೋಡಿ ಹೆಸರು ಆರಿಸಿಕೊಂಡು, ಆಮೇಲೆ ಅದಕ್ಕೆ ತಕ್ಕಂತೆ ಕೆಲಸವನ್ನು ತಿರುಚಿ ಬರೆಯುವವರನ್ನು ನೋಡಿದ್ದೇನೆ. ಆ ತಿರುಚುವಿಕೆ ಎರಡನೇ ಎಪಿಸೋಡಿನ ಹೊತ್ತಿಗೆ ಎದ್ದು ಕಾಣುತ್ತದೆ.

ನಮ್ಮವರಲ್ಲಿ ದೊಡ್ಡದೊಂದು ಗುಂಪಿನ ಇಕ್ಕಟ್ಟು ಇದಕ್ಕಿಂತ ಬೇರೆ. ಎಲೆಕ್ಟ್ರಾನಿಕ್ಸ್ ಓದಿ, ಓದು ಮುಗಿದ ಮರುದಿನದಿಂದ ಸಾಫ್ಟ್‌ವೇರ್ ಕೆಲಸ. ಇವರು ಕಾಲೇಜಿನ ಪ್ರಾಜೆಕ್ಟುಗಳನ್ನೇ ಎಪಿಸೋಡು ಮಾಡಿ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಆಗಿ ಎಂಜಿನಿಯರ್ಸ್ ಆಸ್ಟ್ರೇಲಿಯಾಗೆ ಅರ್ಜಿ ಹಾಕಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಅಂಕ ಸಿಗುವುದು ಆರಿಸಿಕೊಂಡ ಹುದ್ದೆಗೆ ಅಥವಾ ಅದಕ್ಕೆ ತೀರ ಹತ್ತಿರದ ಹುದ್ದೆಗೆ ಸಂಬಂಧಿಸಿದ ಅನುಭವಕ್ಕೆ ಮಾತ್ರ. ಎಂಟು ವರ್ಷ ಕೋಡು ಬರೆದ ಅನುಭವ ಆ ಲೆಕ್ಕದಿಂದ ಜಾರಿಹೋಗುತ್ತದೆ. ಅನುಭವ ಬೇಕೆಂದರೆ ಸಾಫ್ಟ್‌ವೇರ್ ಎಂಜಿನಿಯರ್, 261313, ಎಂದು ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿಯ ಬಳಿ ಹೋಗಬೇಕು. ಅಲ್ಲಿ ಪದವಿಯಲ್ಲಿ ಕಂಪ್ಯೂಟರ್ ವಿಷಯ ಎಷ್ಟಿತ್ತು ಎಂದು ನೋಡಿ, ಅನುಭವದ ಮೊದಲ ಕೆಲವು ವರ್ಷಗಳನ್ನು ಕಳೆದು ಉಳಿದದ್ದನ್ನು ಎಣಿಸುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಅನುಭವ ಮೂರು ವರ್ಷಕ್ಕಿಂತ ಕಡಿಮೆ ಇರುವವರಿಗೆ ಅದರಿಂದ ಸಿಗುವ ಅಂಕ ಹೇಗೂ ಇಲ್ಲ, ಕಾಲೇಜು ಪ್ರಾಜೆಕ್ಟು ನಿಜಕ್ಕೂ ತಾವೇ ಮಾಡಿದ್ದಾದರೆ ಎಲೆಕ್ಟ್ರಾನಿಕ್ಸ್ ದಾರಿ ಯೋಚಿಸಬಹುದು. ಉಳಿದವರು ಎರಡೂ ಕಡೆಯ ಅಂಕವನ್ನು ಕಾಗದದ ಮೇಲೆ ಕೂಡಿಸಿ ನೋಡದೆ ಒಂದಕ್ಷರವೂ ಬರೆಯಬಾರದು.

ದೊಡ್ಡ ಪ್ರಾಜೆಕ್ಟೋ, ಸಣ್ಣ ಕೆಲಸವೋ?

ಎಲ್ಲಕ್ಕಿಂತ ಹೆಚ್ಚು ಹಾನಿ ಆಗುವುದು ಇಲ್ಲಿ. ಮೂರು ಎಪಿಸೋಡು ಎಂದ ತಕ್ಷಣ ಕೈ ಹೋಗುವುದು ಬಯೋಡೇಟಾದ ಅತಿ ದೊಡ್ಡ ಹೆಸರಿನತ್ತ: ಮೆಟ್ರೊ, ವಿಮಾನ ನಿಲ್ದಾಣ, ಉಷ್ಣ ವಿದ್ಯುತ್ ಸ್ಥಾವರ. ಹೆಸರು ದೊಡ್ಡದಾದಷ್ಟೂ ಅದರಲ್ಲಿ ಒಬ್ಬ ಕಿರಿಯ ಎಂಜಿನಿಯರ್ ತಾನಾಗಿ ತೀರ್ಮಾನಿಸಿದ್ದು ಕಡಿಮೆ. ಬರೆಯಲು ಕೂತರೆ ಕಂಪನಿಯ ಮಹಿಮೆ ಎರಡು ಪುಟ ಬರುತ್ತದೆ, ಸ್ವಂತದ್ದು ಎರಡು ಸಾಲು. ಮೌಲ್ಯಮಾಪಕರು ಎಣಿಸುವುದು ಆ ಎರಡು ಸಾಲನ್ನು.

ಒಂದು ಎತ್ತರದ ನೀರಿನ ಟ್ಯಾಂಕು ತೆಗೆದುಕೊಳ್ಳಿ. ಹನ್ನೆರಡು ಮೀಟರ್ ವ್ಯಾಸ, ನಾಲ್ಕು ಮೀಟರ್ ನೀರು, ಸುಮಾರು ನಾಲ್ಕೂವರೆ ಲಕ್ಷ ಲೀಟರ್. ಯಾರೂ ಇದರ ಫೋಟೋ ಹಾಕಿ ಹೆಮ್ಮೆಪಡುವುದಿಲ್ಲ. ಆದರೆ ಇದರ ಗೋಡೆಯನ್ನು ವಿನ್ಯಾಸ ಮಾಡಿದವರಿಗೆ ಹೇಳಲು ಏನೆಲ್ಲ ಇದೆ ನೋಡಿ. ಗೋಡೆಯ ಬುಡ ಸರಿದಾಡಬಲ್ಲದು ಎಂದುಕೊಂಡರೆ ಅಲ್ಲಿನ ಹೂಪ್ ಟೆನ್ಶನ್, ಅಂದರೆ ಗೋಡೆಯನ್ನು ಸುತ್ತಲೂ ಎಳೆಯುವ ಬಲ, ಎತ್ತರದ ಪ್ರತಿ ಮೀಟರಿಗೆ ಸುಮಾರು 240 ಕಿಲೋನ್ಯೂಟನ್. ಕಬ್ಬಿಣದ ಮೇಲಿನ ಒತ್ತಡವನ್ನು 130 ಮೆಗಾಪಾಸ್ಕಲ್‌ಗೆ ಮಿತಿಗೊಳಿಸಿದರೆ ಮೀಟರಿಗೆ 1850 ಚದರ ಮಿಲಿಮೀಟರಿನಷ್ಟು ಕಬ್ಬಿಣ. ಆದರೆ ಸೈಟಿನಲ್ಲಿ ಗೋಡೆಯನ್ನೂ ತಳದ ಚಪ್ಪಡಿಯನ್ನೂ ಒಟ್ಟಿಗೇ ಎರಕ ಹೊಯ್ಯುತ್ತಾರೆ, ಬುಡ ಸರಿದಾಡುವುದಿಲ್ಲ. ಆಗ ಹೂಪ್ ಟೆನ್ಶನ್ನಿನ ಗರಿಷ್ಠ ಬುಡದಿಂದ ಮೇಲಕ್ಕೆ ಸರಿಯುತ್ತದೆ, ಬುಡದಲ್ಲಿ ಬಾಗುವ ಮೊಮೆಂಟ್ ಹುಟ್ಟುತ್ತದೆ. ನೀರಿನ ಟ್ಯಾಂಕುಗಳ ಭಾರತೀಯ ಸಂಹಿತೆ ಐಎಸ್ 3370ರ ನಾಲ್ಕನೇ ಭಾಗದ ಕೋಷ್ಟಕ ತೆಗೆದು ಮತ್ತೆ ಲೆಕ್ಕ ಹಾಕಿ, ಎಲ್ಲಿ ಅಡ್ಡ ಕಂಬಿ ಹೆಚ್ಚಿಸಬೇಕು, ಎಲ್ಲಿ ಉದ್ದ ಕಂಬಿ ಹೆಚ್ಚಿಸಬೇಕು ಎಂದು ತೀರ್ಮಾನಿಸಿದ್ದು ನೀವು. ಬಿರುಕಿನ ಅಗಲ ಪರೀಕ್ಷಿಸಿದ್ದು ನೀವು. ಇದು ಎಪಿಸೋಡು.

ಇದೇ ಎಂಜಿನಿಯರ್ ಮೆಟ್ರೊ ನಿಲ್ದಾಣದಲ್ಲಿ ಆರು ತಿಂಗಳು ಕಾಂಕ್ರೀಟ್ ಹೊಯ್ಯುವುದರ ಮೇಲ್ವಿಚಾರಣೆ ಮಾಡಿರಬಹುದು. ಕೆಲಸ ಕಷ್ಟದ್ದೇ, ಗೌರವದ್ದೇ. ಆದರೆ ಡ್ರಾಯಿಂಗ್ ಬೇರೆಯವರದು, ಮಿಶ್ರಣ ಬೇರೆಯವರದು. ಎರಡರಲ್ಲಿ ಒಂದನ್ನು ಆರಿಸಬೇಕೆಂದರೆ ಕಣ್ಣುಮುಚ್ಚಿ ಟ್ಯಾಂಕನ್ನು ಆರಿಸಿ. ಮೆಟ್ರೊದಲ್ಲಿ ಡ್ರಾಯಿಂಗಿನ ತಪ್ಪೊಂದನ್ನು ಹಿಡಿದು, ಕಾರಣ ಸಮೇತ ವಿನ್ಯಾಸಕರಿಗೆ ಬರೆದು, ಬದಲಿ ವಿವರ ಸೂಚಿಸಿ ಒಪ್ಪಿಸಿದ್ದರೆ ಮಾತು ಬೇರೆ. ಆಗ ಎಪಿಸೋಡು ಆ ಒಂದು ತಪ್ಪಿನ ಬಗ್ಗೆ ಇರಲಿ, ಇಡೀ ನಿಲ್ದಾಣದ ಬಗ್ಗೆ ಬೇಡ.

ಇನ್ನೊಂದು ಮಾತು. ಟ್ಯಾಂಕಿಗೆ ಐಎಸ್ 3370 ಬಳಸಿದ್ದರೆ ಹಾಗೆಯೇ ಬರೆಯಿರಿ. ಆಸ್ಟ್ರೇಲಿಯಾದವರು ಓದುತ್ತಾರೆಂದು ಎಂದೂ ತೆರೆದು ನೋಡದ ಅಲ್ಲಿನ ಕಾಂಕ್ರೀಟ್ ಸಂಹಿತೆ ಎಎಸ್ 3600ರ ಹೆಸರು ತುರುಕಬೇಡಿ. ನೋಡುವುದು ಸಂಹಿತೆಯ ಷರತ್ತನ್ನು ಅರ್ಥಮಾಡಿಕೊಂಡು ಬಳಸಿದ್ದೀರಾ ಎಂಬುದನ್ನು, ಯಾವ ದೇಶದ ಸಂಹಿತೆ ಎಂಬುದನ್ನಲ್ಲ.

ಕಾಲೇಜಿನ ಪ್ರಾಜೆಕ್ಟೋ ನೌಕರಿಯ ಪ್ರಾಜೆಕ್ಟೋ ಎಂಬ ಪ್ರಶ್ನೆಯೂ ಬರುತ್ತದೆ. ನಿಯಮದಲ್ಲಿ ಎರಡಕ್ಕೂ ಜಾಗವಿದೆ. ಓದುವಾಗ ಮಾಡಿದ ಕೆಲಸ, ದುಡಿದ ಪ್ರಾಜೆಕ್ಟು, ನಿರ್ವಹಿಸಿದ ಹುದ್ದೆ, ಬಿಡಿಸಿದ ಒಂದೇ ಒಂದು ಸಮಸ್ಯೆ, ಯಾವುದನ್ನಾದರೂ ಎಪಿಸೋಡು ಮಾಡಬಹುದು. ಈಗಷ್ಟೇ ಓದು ಮುಗಿಸಿದವರು ಮೂರನ್ನೂ ಕಾಲೇಜಿನಿಂದಲೇ ತರಬಹುದು. ಐದಾರು ವರ್ಷ ದುಡಿದವರಿಗೆ ನನ್ನ ಸಲಹೆ ಒಂದು ಕಾಲೇಜಿನದು, ಎರಡು ನೌಕರಿಯದು. ಕಾಲೇಜಿನ ಪ್ರಾಜೆಕ್ಟಿನಲ್ಲಿ ಸಿದ್ಧಾಂತ, ಗಣಿತ, ಸಂಶೋಧನಾ ಲೇಖನಗಳ ಓದು ಸಹಜವಾಗಿ ಬರುತ್ತವೆ. ನೌಕರಿಯ ಪ್ರಾಜೆಕ್ಟಿನಲ್ಲಿ ಸುರಕ್ಷತೆ, ವೆಚ್ಚ, ಗ್ರಾಹಕರ ಜಗಳ, ತಂಡ ಬರುತ್ತವೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕಾಲೇಜಿನ ಪ್ರಾಜೆಕ್ಟನ್ನು ನಾಲ್ವರು ಸೇರಿ ಮಾಡಿದ್ದರೆ, ಅದರಲ್ಲಿ ನಿಮ್ಮ ಪಾಲು ಇಷ್ಟೇ ಎಂದು ಬೇಲಿ ಹಾಕಿ ಬರೆಯಿರಿ. ಉಳಿದ ಮೂವರೂ ಒಂದು ದಿನ ಇದೇ ಸಂಸ್ಥೆಗೆ ಅರ್ಜಿ ಹಾಕಬಹುದು ಎಂಬುದು ನೆನಪಿರಲಿ!

ಒಂದೇ ಕೆಲಸ, ಎರಡು ಬರಹ

ಪ್ರಾಜೆಕ್ಟು ಸರಿಯಾಗಿ ಆರಿಸಿದ ಮೇಲೂ ಬರಹ ಅದನ್ನು ಕೊಲ್ಲಬಹುದು. ಕಾರ್ಖಾನೆಯಲ್ಲಿ ಬಿಸಿನೀರಿನ ಪಂಪೊಂದು ಸದ್ದು ಮಾಡುತ್ತಿತ್ತು, ಇಂಪೆಲ್ಲರ್ ತಿಂಗಳಿಗೊಮ್ಮೆ ಸವೆಯುತ್ತಿತ್ತು ಎಂದಿಟ್ಟುಕೊಳ್ಳಿ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ (ಕ್ಯಾವಿಟೇಶನ್ ಎಂದರೆ ಪಂಪಿನೊಳಗೆ ಆವಿಯ ಗುಳ್ಳೆ ಹುಟ್ಟಿ ಒಡೆಯುವುದು):

"ಪಂಪಿನಲ್ಲಿ ಕ್ಯಾವಿಟೇಶನ್ ಸಮಸ್ಯೆ ಕಂಡುಬಂತು. ತಂಡದೊಂದಿಗೆ ಚರ್ಚಿಸಿ ಸಕ್ಷನ್ ಪೈಪನ್ನು ಬದಲಾಯಿಸಲಾಯಿತು. ಇದರಿಂದ ಪಂಪಿನ ಕಾರ್ಯಕ್ಷಮತೆ ಗಣನೀಯವಾಗಿ ಸುಧಾರಿಸಿತು."

ಸುಳ್ಳೇನೂ ಇಲ್ಲ. ಆದರೆ ಕಂಡವರು ಯಾರು? ಬದಲಾಯಿಸಬೇಕೆಂದು ಹೇಳಿದವರು ಯಾರು? ಗಣನೀಯ ಎಂದರೆ ಎಷ್ಟು? "ಲಾಯಿತು" ಎಂಬ ಕ್ರಿಯಾಪದದ ಹಿಂದೆ ಎಂಜಿನಿಯರ್ ಅಡಗಿ ಕೂತಿದ್ದಾನೆ. ಕಚೇರಿಯ ವರದಿಗಳನ್ನು ಬರೆದೂ ಬರೆದೂ ಇದು ನಮ್ಮ ರಕ್ತಕ್ಕೆ ಇಳಿದುಹೋಗಿದೆ. ಎಪಿಸೋಡಿನಲ್ಲಿ ಬೇಕಾದದ್ದು ಇದರ ತದ್ವಿರುದ್ಧ: ನಾನು ಅಳೆದೆ, ನಾನು ಲೆಕ್ಕ ಹಾಕಿದೆ, ನಾನು ತೀರ್ಮಾನಿಸಿದೆ.

ತಿದ್ದಿದ ಬರಹ (ಎನ್‌ಪಿಎಸ್‌ಎಚ್ ಎಂದರೆ ನೀರು ಆವಿಯಾಗದಂತೆ ಪಂಪಿನ ಬಾಯಲ್ಲಿ ಉಳಿಯುವ ಒತ್ತಡ, ಮೀಟರಿನಲ್ಲಿ):

"ನೀರಿನ ತಾಪ 60 ಡಿಗ್ರಿ ಇದ್ದುದರಿಂದ ಆವಿಯ ಒತ್ತಡವನ್ನು 2.1 ಮೀಟರ್ ಹೆಡ್ ಎಂದು ತೆಗೆದುಕೊಂಡೆ. ವಾತಾವರಣದ 10.5 ಮೀಟರಿನಿಂದ ಅದನ್ನೂ, ಸಕ್ಷನ್ ಎತ್ತರ 3 ಮೀಟರ್, ಪೈಪಿನ ಘರ್ಷಣೆ 2.2 ಮೀಟರ್ ಇವೆರಡನ್ನೂ ಕಳೆದಾಗ ಲಭ್ಯ ಎನ್‌ಪಿಎಸ್‌ಎಚ್ 3.2 ಮೀಟರ್ ಬಂತು. ತಯಾರಕರ ವಕ್ರರೇಖೆ ಕೇಳುತ್ತಿದ್ದುದು 4. ಪಂಪನ್ನು ಕೆಳಗಿಳಿಸಿದರೆ ಅಡಿಪಾಯ ಹೊಸದಾಗಿ ಹಾಕಬೇಕಿತ್ತು, ನೀರಿನ ತಾಪ ಇಳಿಸಲು ಉತ್ಪಾದನೆ ಒಪ್ಪುತ್ತಿರಲಿಲ್ಲ. ಆದ್ದರಿಂದ ಸಕ್ಷನ್ ಪೈಪನ್ನು 100ರಿಂದ 150 ಮಿಲಿಮೀಟರಿಗೆ ಹಿಗ್ಗಿಸುವುದನ್ನು ಆರಿಸಿದೆ. ಘರ್ಷಣೆ 0.3 ಮೀಟರಿಗೆ ಇಳಿದು ಲಭ್ಯ ಎನ್‌ಪಿಎಸ್‌ಎಚ್ ಸುಮಾರು 5 ಮೀಟರ್ ಆಗುತ್ತದೆಂದು ಲೆಕ್ಕ ಹಾಕಿ ಮೇಲಧಿಕಾರಿಗೆ ಟಿಪ್ಪಣಿ ಕೊಟ್ಟೆ."

ಹೊಸದಾಗಿ ಯಾವ ಸಾಹಸವನ್ನೂ ಸೇರಿಸಿಲ್ಲ. ಅದೇ ಪಂಪು, ಅದೇ ಪೈಪು. ವ್ಯತ್ಯಾಸ ಮಾಡಿದ್ದು ಅಂಕಿಗಳಿಗಿಂತ ಹೆಚ್ಚಾಗಿ ಕೈಬಿಟ್ಟ ಎರಡು ದಾರಿಗಳು. ಬೇರೆ ಪರಿಹಾರಗಳನ್ನು ತೂಗಿ ನೋಡಿ ಯಾಕೆ ಬೇಡವೆಂದಿರಿ ಎಂದು ಹೇಳಿದ ಕ್ಷಣದಲ್ಲಿ ಓದುವವರಿಗೆ ಎದುರಿಗೆ ಒಬ್ಬ ಎಂಜಿನಿಯರ್ ಕಾಣಿಸುತ್ತಾನೆ. ಕರಡು ಸುಧಾರಿಸಲು ಒಂದೇ ಒಂದು ಗಂಟೆ ಇದೆ ಎಂದರೆ ಅದನ್ನು ಇಲ್ಲಿ ಖರ್ಚುಮಾಡಿ, ವ್ಯಾಕರಣದ ಮೇಲಲ್ಲ.

ಅಂಕಿ ಹಾಕುವುದರಲ್ಲೂ ಅತಿ ಆಗಬಾರದು. ಪುಟಗಟ್ಟಲೆ ಲೆಕ್ಕ, ಕೋಷ್ಟಕ, ಫೋಟೋ ತುಂಬಿದ ಕರಡುಗಳೂ ಬರುತ್ತವೆ. ಒಂದೆರಡು ನಿರ್ಣಾಯಕ ಲೆಕ್ಕ ಸಾಕು, ಉಳಿದದ್ದು ಮಾತಿನಲ್ಲಿ ಬರಲಿ. ಎಪಿಸೋಡಿನ ಒಳಹಂಚಿಕೆಯೂ ಇದನ್ನೇ ಹೇಳುತ್ತದೆ. ಪೀಠಿಕೆಗೆ ನೂರು ಪದ, ಹಿನ್ನೆಲೆಗೆ 200ರಿಂದ 500, ಸಾರಾಂಶಕ್ಕೆ 50ರಿಂದ 100, ಮಿಕ್ಕ ಜಾಗವೆಲ್ಲ ಸ್ವಂತ ಎಂಜಿನಿಯರಿಂಗ್ ಕೆಲಸಕ್ಕೆ.

ಕಥೆ ಮೊದಲೋ, ಪಟ್ಟಿ ಮೊದಲೋ?

ಸಮ್ಮರಿ ಸ್ಟೇಟ್‌ಮೆಂಟ್ ಎಂದರೆ ಹದಿನಾರು ಸಾಮರ್ಥ್ಯಾಂಶಗಳ ಕೋಷ್ಟಕ. ಪ್ರೊಫೆಷನಲ್ ಎಂಜಿನಿಯರ್ ವರ್ಗದಲ್ಲಿ ಪಿಇ 1.1ರಿಂದ 1.6 ಜ್ಞಾನಕ್ಕೆ, 2.1ರಿಂದ 2.4 ಅದರ ಬಳಕೆಗೆ, 3.1ರಿಂದ 3.6 ವೃತ್ತಿಯ ನಡತೆಗೆ. ಪ್ರತಿಯೊಂದರ ಎದುರು ಎಪಿಸೋಡಿನ ಯಾವ ಪ್ಯಾರಾದಲ್ಲಿ ಅದು ಕಾಣುತ್ತದೆ ಎಂದು ಸಂಖ್ಯೆ ಹಾಕಬೇಕು. ಎಪಿಸೋಡುಗಳ ಪ್ಯಾರಾಗಳಿಗೆ 1.1, 1.2, 2.1 ಎಂದು ಸಂಖ್ಯೆ ಕೊಡುವುದು ಇದಕ್ಕೇ.

ಮೂರೂ ಎಪಿಸೋಡು ಬರೆದು ಮುಗಿಸಿ ಕೊನೆಗೆ ಕೋಷ್ಟಕ ತುಂಬುವವರಿಗೆ ನಡುರಾತ್ರಿಯಲ್ಲಿ ಗೊತ್ತಾಗುವುದು ಪಿಇ 1.4, 1.6, 3.4 ಇವಕ್ಕೆ ಒಂದು ಪ್ಯಾರಾವೂ ಇಲ್ಲವೆಂದು. 1.4 ಕೇಳುವುದು ನಿಮ್ಮ ಕ್ಷೇತ್ರದ ಹೊಸ ಬೆಳವಣಿಗೆಗಳ ಅರಿವನ್ನು, 1.6 ಸುಸ್ಥಿರತೆ ಮತ್ತು ವೃತ್ತಿಯ ಹೊಣೆಯನ್ನು, 3.4 ಮಾಹಿತಿ ಮತ್ತು ದಾಖಲೆಗಳ ನಿರ್ವಹಣೆಯನ್ನು. ಆಗ ತುರ್ತಿನಲ್ಲಿ "ನಾನು ಪರಿಸರದ ಬಗ್ಗೆಯೂ ಕಾಳಜಿ ವಹಿಸಿದೆ" ಎಂಬಂಥ ಒಂಟಿ ವಾಕ್ಯ ಅಂಟಿಸುತ್ತಾರೆ. ಅಂಟಿಸಿದ್ದು ಗೊತ್ತಾಗುತ್ತದೆ.

ಇದಕ್ಕೆ ಹೆದರಿ ಕೋಷ್ಟಕವನ್ನೇ ಮೊದಲು ಇಟ್ಟುಕೊಂಡು ಪ್ರತಿ ಅಂಶಕ್ಕೊಂದು ಪ್ಯಾರಾ ಬರೆಯುವವರೂ ಇದ್ದಾರೆ. ಅವರ ಎಪಿಸೋಡು ಓದಿದರೆ ಬಾಡಿಗೆ ಕರಾರು ಓದಿದ ಹಾಗೆ. ಎಲ್ಲ ಇದೆ, ಕೆಲಸ ಮಾತ್ರ ಕಾಣುವುದಿಲ್ಲ.

ನನಗೆ ಸರಿ ಕಂಡದ್ದು ನಡುವಿನ ದಾರಿ. ಮೊದಲು ಪ್ರತಿ ಪ್ರಾಜೆಕ್ಟಿನ ಬಗ್ಗೆ ನೆನಪಾದದ್ದನ್ನೆಲ್ಲ ಚೂರುಚೂರಾಗಿ ಗೀಚಿ. ಹಳೆಯ ಮೇಲ್, ಡ್ರಾಯಿಂಗಿನ ಪರಿಷ್ಕರಣೆ ಸಂಖ್ಯೆ, ಸೈಟ್ ಡೈರಿ ತೆಗೆದು ನೋಡಿ. ಆಮೇಲೆ ಕೋಷ್ಟಕದ ಎದುರು ಆ ಚೂರುಗಳನ್ನು ಇಟ್ಟು ನೋಡಿದರೆ ಖಾಲಿ ಜಾಗ ಆಗಲೇ ಕಾಣುತ್ತದೆ. ಡ್ರಾಯಿಂಗ್ ಪರಿಷ್ಕರಣೆಗಳನ್ನು ಹೇಗೆ ಕಾಪಿಟ್ಟಿರಿ ಎಂಬುದು 3.4ಕ್ಕೆ ಸಲ್ಲುತ್ತದೆ. ಪರೀಕ್ಷೆಯಲ್ಲಿ ಸೋತ ಕಾಂಕ್ರೀಟ್ ಘನಗಳ ವರದಿಯನ್ನು ಗುತ್ತಿಗೆದಾರನ ಒತ್ತಡಕ್ಕೆ ಮಣಿಯದೆ ಮೇಲಕ್ಕೆ ಕಳಿಸಿದ್ದು 3.1ಕ್ಕೆ. ಇವು ಮೊದಲೇ ನಡೆದಿರುತ್ತವೆ, ಎಂಜಿನಿಯರಿಂಗ್ ಎನ್ನಿಸದೆ ಬಿಟ್ಟುಹೋಗಿರುತ್ತವೆ ಅಷ್ಟೆ. ಖಾಲಿ ಜಾಗ ತುಂಬಿಕೊಂಡ ಮೇಲೆ ಕಥೆಯನ್ನು ಕಥೆಯ ಹಾಗೆ ಬರೆಯಿರಿ.

ಮೂರು ಎಪಿಸೋಡೂ ಸೇರಿ ಹದಿನಾರನ್ನೂ ಮುಟ್ಟಿದರೆ ಸಾಕು. ಪ್ರತಿ ಎಪಿಸೋಡೂ ಎಲ್ಲವನ್ನೂ ಹೊರಬೇಕಿಲ್ಲ.

ಯಾರು ಬರೆಯಬೇಕು?

ನೀವೇ. ಈ ಉತ್ತರ ಎಲ್ಲರಿಗೂ ಗೊತ್ತು, ಆದರೂ ಹಣ ಕೊಟ್ಟು ಬರೆಸುವವರ ಸಾಲು ಕರಗುವುದಿಲ್ಲ. ಆದ್ದರಿಂದ ಆಯ್ಕೆಗಳನ್ನು ಎದುರಿಟ್ಟೇ ನೋಡೋಣ.

ಬರೆದುಕೊಡುವವರು ಪ್ರತಿ ಗ್ರಾಹಕರಿಗೂ ಹೊಸದಾಗಿ ಬರೆಯುವುದಿಲ್ಲ. ಸಬ್‌ಸ್ಟೇಷನ್ ಎಂದರೆ ಒಂದು ಅಚ್ಚು, ಬಹುಮಹಡಿ ಕಟ್ಟಡ ಎಂದರೆ ಇನ್ನೊಂದು. ಹೆಸರು, ತಾರೀಖು, ಊರು ಬದಲಾಯಿಸಿ ಕೊಡುತ್ತಾರೆ. ಎಂಜಿನಿಯರ್ಸ್ ಆಸ್ಟ್ರೇಲಿಯಾ ಬಂದ ವರದಿಗಳನ್ನೆಲ್ಲ ನಕಲು ಪತ್ತೆ ತಂತ್ರಾಂಶದಲ್ಲಿ ಹಾಕಿ ನೋಡುತ್ತದೆ. ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರ, ಮತ್ತೆ ಅರ್ಜಿ ಹಾಕದಂತೆ ನಿಷೇಧ. ವಿಷಯ ಆಸ್ಟ್ರೇಲಿಯಾದ ಗೃಹ ಇಲಾಖೆಯವರೆಗೂ ಹೋಗಬಹುದು. ವೀಸಾ ಅರ್ಜಿಯಲ್ಲಿ ಸುಳ್ಳು ಮಾಹಿತಿ ಇತ್ತೆಂದು ಸಾಬೀತಾಗಿ 4020 ಎಂಬ ಷರತ್ತಿನಡಿ ವೀಸಾ ನಿರಾಕರಣೆಯಾದರೆ ಮೂರು ವರ್ಷ ಆ ಕಡೆ ತಲೆ ಹಾಕುವಂತಿಲ್ಲ. ಅಚ್ಚು ಕೊಟ್ಟವರಿಗೆ ಏನೂ ಆಗುವುದಿಲ್ಲ, ಸಹಿ ಹಾಕಿದ್ದು ನೀವಲ್ಲವೆ.

ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಬರೆಸುವುದು ಈಗಿನ ಹೊಸ ಚಾಳಿ. ಅದರ ಅಪಾಯ ನಕಲಿನದು ಮಾತ್ರ ಅಲ್ಲ. ಅದಕ್ಕೆ ನಿಮ್ಮ ಪಂಪು ಗೊತ್ತಿಲ್ಲ. ಹಾಗಾಗಿ ಎಲ್ಲ ಪಂಪುಗಳಿಗೂ ಒಪ್ಪುವ ನುಣುಪಾದ ಮಾತು ಕೊಡುತ್ತದೆ, ಮೇಲೆ ಉದಾಹರಿಸಿದ ಮೊದಲ ಕರಡಿನ ದೊಡ್ಡಣ್ಣ ಅದು. ಕೆಲವೊಮ್ಮೆ ನೀವು ಹಾಕದ ಲೆಕ್ಕವನ್ನೂ ಹಾಕಿದಿರಿ ಎನ್ನುತ್ತದೆ. ವರದಿ ನಿಮ್ಮದೇ ಬರಹ ಎಂದು ನೀವು ಘೋಷಿಸಬೇಕಾಗಿರುವಾಗ ಇದನ್ನು ಹೊಲಿಗೆಯಂತ್ರವೆಂದು ತಿಳಿದು ಕೈ ಹಾಕಿದರೆ ಬೆರಳಿಗೇ ಸೂಜಿ.

ನೋಂದಾಯಿತ ವಲಸೆ ಏಜೆಂಟರದು ಬೇರೆ ವಿಷಯ. ಆಸ್ಟ್ರೇಲಿಯಾದಲ್ಲಿ ಅವರಿಗೆ ಸರ್ಕಾರಿ ನೋಂದಣಿ ಇದೆ. ವೀಸಾದ ಕಾನೂನು, ದಾಖಲೆ, ಅಂಕದ ಲೆಕ್ಕಕ್ಕೆ ಅವರ ನೆರವು ತೆಗೆದುಕೊಳ್ಳಬಹುದು. ಎಪಿಸೋಡು ಅವರ ಕೆಲಸವಲ್ಲ, ಹಾಗೆಂದು ಒಳ್ಳೆಯ ಏಜೆಂಟರೇ ಹೇಳುತ್ತಾರೆ.

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಉಪಯೋಗದ ನೆರವು ನಿಮ್ಮದೇ ಶಾಖೆಯ ಆದರೆ ಆ ಪ್ರಾಜೆಕ್ಟಿನಲ್ಲಿ ಇಲ್ಲದ ಸಹೋದ್ಯೋಗಿ. ಕರಡು ಕೊಟ್ಟು, ಓದುವಾಗ ಹುಟ್ಟಿದ ಪ್ರಶ್ನೆಗಳನ್ನು ಮಾತ್ರ ಬರೆದುಕೊಡಿ ಎನ್ನಿ. "150 ಯಾಕೆ, 125 ಸಾಲದೇ?" ಎಂದು ಅವರು ಕೇಳಿದರೆ ಆ ಉತ್ತರ ಪ್ಯಾರಾದಲ್ಲಿ ಇಲ್ಲವೆಂದು ಅರ್ಥ. ಇಂಗ್ಲಿಷ್ ತಿದ್ದಿಸಿಕೊಳ್ಳುವುದು ಅದಾದ ಮೇಲಿನ ಕೆಲಸ. ಕಾಗುಣಿತ, ವಾಕ್ಯರಚನೆ ಸರಿಮಾಡಿಸಿಕೊಂಡರೆ ತಪ್ಪಿಲ್ಲ, ವಿಷಯ ಮಾತ್ರ ಬೇರೆಯವರ ಕೈಯಿಂದ ಬರಬಾರದು.

ತೇಪೆಯೋ, ಹೊಸದೋ?

ಅರ್ಜಿ ಹಾಕಿದ ಮೇಲೆ ಮೌಲ್ಯಮಾಪಕರು ಹೆಚ್ಚಿನ ಮಾಹಿತಿ ಕೇಳಬಹುದು. ಕೇಳಿದ್ದು ದಾಖಲೆಯಾದರೆ, ಉದಾಹರಣೆಗೆ ನೌಕರಿಯ ಪತ್ರ, ಅಂಕಪಟ್ಟಿ, ಅದನ್ನಷ್ಟೇ ಕೊಟ್ಟು ಸುಮ್ಮನಿರಿ. ಕೇಳದ ವಿವರಣೆ ಸೇರಿಸಿದಷ್ಟೂ ಹೊಸ ಪ್ರಶ್ನೆ ಹುಟ್ಟುತ್ತದೆ. ಒಂದು ಎಪಿಸೋಡಿನಲ್ಲಿ ನಿಮ್ಮ ಪಾಲು ಸ್ಪಷ್ಟವಿಲ್ಲ ಎಂದರೆ ಅದನ್ನು ಪಂಪಿನ ಉದಾಹರಣೆಯಂತೆ ಬಿಡಿಸಿ ಬರೆದರೆ ಉಳಿಯುತ್ತದೆ. ಆದರೆ ಹೊಸ ಎಪಿಸೋಡು ಬೇಕು ಎಂದಿದ್ದರೆ ಹಳೆಯದರ ಪದ ಬದಲಿಸಿ ಕಳಿಸುವುದು ಸಮಯ ಹಾಳು. ಪ್ರಾಜೆಕ್ಟಿನ ಆಯ್ಕೆಯೇ ಸರಿಯಿಲ್ಲ ಎಂದು ಅವರು ಮೆಲ್ಲಗೆ ಹೇಳುತ್ತಿದ್ದಾರೆ. ಬೇರೆ ಪ್ರಾಜೆಕ್ಟು ಹುಡುಕಿ.

ಉಳಿದ ಸಣ್ಣ ಆಯ್ಕೆಗಳು

ಅನುಭವದ ಮೌಲ್ಯಮಾಪನ, ಆರ್‌ಎಸ್‌ಇಎ, ಕಡ್ಡಾಯವಲ್ಲ, ಪ್ರತ್ಯೇಕ ಶುಲ್ಕವಿದೆ. ವಿದೇಶದ ಅನುಭವಕ್ಕೆ ಮೂರು ವರ್ಷಕ್ಕೆ 5, ಐದಕ್ಕೆ 10, ಎಂಟಕ್ಕೆ 15 ಅಂಕ. ಈ ಮೂರರಲ್ಲಿ ಒಂದು ಗೆರೆ ದಾಟಿದ್ದು ಆ ಅಂಕ ನಿಮಗೆ ಬೇಕೇ ಬೇಕು ಎನ್ನುವಂತಿದ್ದರೆ ಮಾಡಿಸಿಕೊಳ್ಳಿ. ಕಂಪನಿಯ ಲೆಟರ್‌ಹೆಡ್ಡಿನ ಪತ್ರದ ಜತೆಗೆ ಆದಾಯ ತೆರಿಗೆ, ಭವಿಷ್ಯನಿಧಿಯಂಥ ಮೂರನೆಯವರ ಪುರಾವೆಯೂ ಬೇಕಾಗುತ್ತದೆ. ಎರಡೂವರೆ ವರ್ಷ ದುಡಿದವರು ಈಗ ಹಣ ಸುರಿಯುವುದಕ್ಕಿಂತ ಆರು ತಿಂಗಳು ಕಾಯುವುದು ಲೇಸು.

ಐಇಎಲ್‌ಟಿಎಸ್‌ನಲ್ಲಿ ನಾಲ್ಕೂ ವಿಭಾಗದಲ್ಲಿ 6 ಬಂದರೆ ಮೌಲ್ಯಮಾಪನಕ್ಕೆ ಸಾಕು. ವೀಸಾ ಅಂಕಕ್ಕೆ ಹೇಗೂ ಹೆಚ್ಚು ಬೇಕಾಗುವುದರಿಂದ ಒಂದೇ ಸಲ ಚೆನ್ನಾಗಿ ಸಿದ್ಧವಾಗಿ ಬರೆಯುವುದು ಜಾಣತನ. ಸಿಪಿಡಿ ಪಟ್ಟಿಯಲ್ಲಿ ತರಬೇತಿ, ಕಾರ್ಯಾಗಾರ, ಓದಿದ ತಾಂತ್ರಿಕ ಪುಸ್ತಕ ಎಲ್ಲವೂ ಸಲ್ಲುತ್ತವೆ. ಒಂದು ಪುಟ ಮೀರಬೇಡಿ, ಪ್ರಮಾಣಪತ್ರಗಳನ್ನು ಲಗತ್ತಿಸುವ ಅಗತ್ಯವಿಲ್ಲ.

ಹೆಚ್ಚು ಹಣ ಕೊಟ್ಟರೆ ಫಾಸ್ಟ್ ಟ್ರ್ಯಾಕ್ ಸಿಗುತ್ತದೆ. ಅದು ನಿಮ್ಮ ಕಡತ ಮೌಲ್ಯಮಾಪಕರ ಮೇಜಿಗೆ ಬೇಗ ತಲುಪುವಂತೆ ಮಾಡುತ್ತದೆ, ತಲುಪಿದ ಮೇಲೆ ಓದುವ ಕಣ್ಣು ಅದೇ. ಕೈಗೆ ಬಂದ ಪತ್ರವನ್ನು ಗೃಹ ಇಲಾಖೆ ಸಾಮಾನ್ಯವಾಗಿ ಮೂರು ವರ್ಷ ಒಪ್ಪುತ್ತದೆ. ವಯಸ್ಸು 33ಕ್ಕೆ ಕಾಲಿಡಲು ಎರಡು ತಿಂಗಳಿದೆ, ಕಾಲಿಟ್ಟರೆ 30 ಅಂಕ 25 ಆಗುತ್ತದೆ ಎನ್ನುವವರು ಫಾಸ್ಟ್ ಟ್ರ್ಯಾಕಿಗೆ ಕೊಡಲಿ. ಉಳಿದವರು ಆ ವಾರಗಳಲ್ಲಿ ಮೂರನೇ ಎಪಿಸೋಡನ್ನು ಇನ್ನೊಮ್ಮೆ ಬರೆಯಬಹುದು. ಸಾಮಾನ್ಯವಾಗಿ ಅವಸರದಲ್ಲಿ ಮುಗಿಸಿರುವುದು ಅದನ್ನೇ.